ಸಾಹೇಬರಿಗಾಗಿ ತೊಳೆದ ವಾರ್ಡು

ನಲ್ಲಿ ಕೆಳಗಿತ್ತು, ಹೆಂಗಸರ ವಾರ್ಡು ಮೇಲಿತ್ತು. ನಾಗಪುರದ ಆ ಆಸ್ಪತ್ರೆ ಕಟ್ಟಿಸಿದವರಿಗೆ ಇಷ್ಟೂ ತಿಳಿಯಲಿಲ್ಲವೋ, ಹೊರುವವರು ತಾವಲ್ಲವೆಂದು ಸುಮ್ಮನಾದರೋ. ಬೇಸಿಗೆಯಲ್ಲಿ ಮೆಟ್ಟಿಲು ಕಾದು ಅಂಗಾಲು ಚುರುಗುಟ್ಟುತ್ತಿತ್ತು. ತುಂಬಿದ ಬಸುರಿ ಭಾನುಮತಿ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಆ ಮೆಟ್ಟಿಲನ್ನೇ ಹತ್ತಿ ಇಳಿಯುತ್ತಿದ್ದಳು. ಮೇಲಿನ ಎರಡು ವಾರ್ಡಿಗೆ ಅವಳೊಬ್ಬಳೇ ಆಯಾ. ರಜೆ ಕೇಳಿದ್ದಕ್ಕೆ ಮೇಟ್ರನ್ ಬಾಯಿ, ನಿನ್ನ ಜಾಗಕ್ಕೆ ಜನ ಎಲ್ಲಿದ್ದಾರೆ, ಹೋದರೆ ಮತ್ತೆ ಬರಬೇಡ ಎಂದಿದ್ದಳು.

ಅವಳ ಮೊದಲನೆಯ ಬಸಿರು ಈ ನೀರು ಹೊರುವುದರಲ್ಲೇ ಇಳಿದುಹೋಗಿತ್ತು. ಅವಳನ್ನು ಕೆಲಸಕ್ಕೆ ಸೇರಿಸಿದವಳು ದೊಡ್ಡವ್ವ ಲಕ್ಷ್ಮವ್ವ. ಗದಗಿನಿಂದ ವರ್ಗವಾಗಿ ಬಂದ ರೈಲ್ವೆ ಖಲಾಸಿಯ ಹೆಂಡತಿ, ಅದೇ ಆಸ್ಪತ್ರೆಯ ಗಂಡಸರ ವಾರ್ಡಿನ ಆಯಾ. ಇದೊಂದು ಕೂಸಾದರೂ ಉಳಿಯಲಿ ಎಂದೇ ಅವಳು ಆಯಾಗಳ ಸಂಘದವರ ಜೊತೆ ಬಿಸಿಲಲ್ಲಿ ಕೂತು, ಪಗಾರ ಹೆಚ್ಚಿಸಿ, ಜನ ಕೊಡಿ ಎಂದು ಗಂಟಲು ಹರಿದುಕೊಂಡಿದ್ದಳು.

ಕಡೆಗೆ ಸರ್ಕಾರ ಇಳಿದುಬಂತು. ಒಬ್ಬ ಸಾಹೇಬರು ಬಂದು ಕಣ್ಣಾರೆ ನೋಡುತ್ತಾರಂತೆ. ಸಂಘದ ನರಹರಿ ಎಲ್ಲರನ್ನೂ ಕೂಡಿಸಿ ಹೇಳಿದ:

"ಲಕ್ಷ್ಮವ್ವ, ಅವತ್ತು ಹೆಚ್ಚಿಗಿ ಏನೂ ಮಾಡಬ್ಯಾಡ್ರಿ. ದಿನಾ ಹೆಂಗ ಐತಿ, ಹಂಗ ನೋಡ್ಲಿ."

ಎಲ್ಲರೂ ಬರೋಬರ್ ಎಂದರು. ಆದರೆ ಆ ದಿನ ಬೆಳಿಗ್ಗೆ ಲಕ್ಷ್ಮವ್ವ ಹೆಂಗಸರ ವಾರ್ಡಿಗೆ ಕಾಲಿಟ್ಟಾಗ ಒಬ್ಬ ಮುದುಕಿ ಒದ್ದೆ ಹಾಸಿಗೆಯಲ್ಲೇ ಬಿದ್ದಿದ್ದಳು. ಪರ ಗಂಡಸರು ಬರುತ್ತಾರಂತೆ, ನನ್ನನ್ನು ಹೀಗೇ ತೋರಿಸುತ್ತೀರಾ ಎಂದು ಮರಾಠಿಯಲ್ಲಿ ಕೇಳಿದಳು. ಲಕ್ಷ್ಮವ್ವ ಸೆರಗು ಕಟ್ಟಿದಳು. ಅವಳನ್ನು ನೋಡಿ ಉಳಿದವರೂ ಕೈಹಚ್ಚಿದರು. ಪಾಳಿ ಮುಗಿದವರು ಮನೆಗೆ ಹೋಗಲಿಲ್ಲ, ಪಾಳಿ ಇಲ್ಲದವರೂ ಓಡಿ ಬಂದರು. ನೆಲ ಕನ್ನಡಿಯಾಯಿತು. ಫಿನೈಲ್ ಘಮ್ಮೆಂದಿತು. ಇಷ್ಟು ಸಾಲದೆಂದು ಕಿಟಕಿಯ ಲಾವಂಚದ ತಟ್ಟಿಗೂ ನೀರು ಚಿಮುಕಿಸಿ ತಂಪು ಮಾಡಿಟ್ಟರು. ಸ್ವಂತ ಕೈಯಿಂದ ಸ್ವಂತ ಬಾಯಿಗೆ ಮಣ್ಣು ಹಾಕಿಕೊಳ್ಳುತ್ತಿದ್ದೇವೆಂದು ಆ ಪಾಪದ ಹೆಂಗಸರಿಗೆ ಹೊಳೆಯಲೇ ಇಲ್ಲ.

ಸಾಹೇಬರು ಬಂದರು. ಗೋಡೆಗುಂಟ ಕೈಕಟ್ಟಿ ನಿಂತ ಆಯಾಗಳ ಸಾಲು ನೋಡಿದರು. ಇಷ್ಟೊಂದು ಜನ ಇದ್ದಾರಲ್ಲ, ಇನ್ನೆಷ್ಟು ಬೇಕು ಎಂದು ಹಿಂದಿಯಲ್ಲಿ ನಕ್ಕರು. ಮೇಟ್ರನ್ ಬಾಯಿಯೂ ಜೊತೆಗೆ ನಕ್ಕಳು.

ಲಕ್ಷ್ಮವ್ವ ಸಾಲು ಬಿಟ್ಟಳು. ಮುಂದೆ ಬಂದು ಹರಕುಮುರುಕು ಹಿಂದಿಯಲ್ಲಿ, ಇವರೆಲ್ಲ ನಿಮಗಾಗಿ ಬಂದವರು, ದಿನಾ ಇರುವುದು ಈ ಬಸುರಿ ಒಬ್ಬಳೇ ಎಂದಳು. ಹೋದ ಕೂಸಿನ ವಿಷಯ ಹೇಳಿದಳು. ಕಾಲು ಮುಟ್ಟಲೂ ಬಗ್ಗಿದಳು.

ಸಾಹೇಬರು ಹಿಂದೆ ಸರಿದರು. ಮನಸ್ಸು ಮಾಡಿದರೆ ನಿಮ್ಮಿಂದ ಆಗುತ್ತದೆ ಎಂದಾಯಿತು, ದಿನಾ ಹೀಗೇ ಮಾಡಿ ಎಂದರು. ತಟ್ಟಿಯ ತಂಪನ್ನು ಹೊಗಳಿ ಕಾರು ಹತ್ತಿದರು.

ಹೊಸ ಜನ ಬರಲಿಲ್ಲ, ಪಗಾರವೂ ಏರಲಿಲ್ಲ. ಮರುದಿನ ಮೇಟ್ರನ್ ಬಾಯಿ ಒಂದು ಹೊಸ ಕೆಲಸ ಹೇಳಿದಳು. ಸಾಹೇಬರು ಮೆಚ್ಚಿದ್ದಾರೆ, ಇನ್ನು ಮೇಲೆ ದಿನಾ ಆಫೀಸಿನ ತಟ್ಟಿಗೂ ಭಾನುಮತಿಯೇ ನೀರು ಹಾಕಬೇಕು.

ಭಾನುಮತಿ ಸೊಂಟ ಹಿಡಿದುಕೊಂಡು ಕೇಳಿದಳು:

"ದೊಡ್ಡವ್ವ, ನಿನ್ನೆ ನಾವು ತೊಳೀಬಾರದಿತ್ತೇನ?"

ಲಕ್ಷ್ಮವ್ವನ ಕಣ್ಣು ತುಂಬಿ ಬಂತು.

"ಮುದುಕಿ ಹೇಲುಚ್ಚಿಯೊಳಗ ಮಲಗಿತ್ತಲ್ಲವ್ವ. ಹೆಂಗ ಬಿಡಬೇಕಿತ್ತು, ನೀನೇ ಹೇಳು."

ಒಳಗಿನಿಂದ ಯಾರೋ ಆಯಾ, ಆಯಾ ಎಂದು ಕೂಗುತ್ತಿದ್ದರು. ಭಾನುಮತಿ ಬಕೆಟ್ಟು ಎತ್ತಿಕೊಂಡು ಹೋದಳು.