ಹಳೆಯ ಡಿಸ್ಕ್ ಯಾರ ಕೈಗೆ

ಕರೆದರೂ ತಿಂಗಳುಗಟ್ಟಲೆ ತಲೆಹಾಕದ ಮೈದುನ ಅಂದು ಕರೆಯದೆಯೇ ಬಂದು ಅವಳ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಬೋರಲು ಹಾಕಿದ. ಇದರಲ್ಲೇನೋ ಮಸಲತ್ತಿದೆ ಎಂದು ಅವಳಿಗೆ ಆಗಲೇ ಅನ್ನಿಸಿತು. ಲ್ಯಾಪ್‌ಟಾಪ್ ಮುಷ್ಕರ ಹೂಡಿದ್ದು ನಿನ್ನೆ. ಇವತ್ತು ಒಂಬತ್ತಕ್ಕೆಲ್ಲ ರಿಪೇರಿ ಅಂಗಡಿ ಇಟ್ಟಿರುವ ಈ ತಮ್ಮನ ಕೈಯಲ್ಲೇ ಹೊಸ ಹಾರ್ಡ್ ಡಿಸ್ಕ್ ಕಳಿಸಿದ್ದ ಗಂಡ. ಹೆಂಡತಿಯ ಕನ್ನಡಕ ಒಡೆದರೆ ಆರು ತಿಂಗಳು ಮುಂದೂಡುವ ಮಹಾನುಭಾವನಿಗೆ ಇದೆಲ್ಲಿಯ ಮಮಕಾರ?

ಕರಡು ತಿದ್ದುವುದು ಅವಳ ಕಸುಬು. ತಪ್ಪು ಹೆಕ್ಕುವ ಆ ಕಣ್ಣು ಮೈದುನನ ಬೆರಳುಗಳನ್ನು ಬಿಟ್ಟು ಕದಲಲಿಲ್ಲ. ‘ಹಳೆಯ ಕರೆಂಟ್ ಬಿಲ್’ ಎಂಬ ಫೋಲ್ಡರಿನಲ್ಲಿ ಪರವೂರಿನ ಮುದ್ರಣಾಲಯದ ನೇಮಕ ಪತ್ರವಿತ್ತು, ಸೋಮವಾರದಿಂದ ಹಿಡಿದ ಬಾಡಿಗೆ ಕೋಣೆಯ ಕರಾರಿತ್ತು. ಅಂದೇ ಮಗಳನ್ನು ಕರೆದುಕೊಂಡು ಅವಳು ಈ ಮನೆ ಬಿಡುವವಳಿದ್ದಳು. ಅಷ್ಟರೊಳಗೆ ಗಂಡನಿಗೆ ಸುಳಿವು ಸಿಕ್ಕರೆ ಹೊಸ್ತಿಲು ದಾಟಲು ಬಿಡುವ ಆಸಾಮಿಯಲ್ಲ ಅವನು.

ಪತ್ರಗಳನ್ನು ಆಗಲೇ ಅಚ್ಚು ಹಾಕಿಸಿಟ್ಟುಕೊಂಡಿದ್ದಳು. ಡಿಸ್ಕ್ ಕಳಚಿದರೆ ಒಳಗಿದ್ದದ್ದೂ ಸತ್ತಂತೆ ಎಂದೇ ಅವಳ ನಂಬಿಕೆ.

“ಹಳೇದನ್ನ ಇಲ್ಲಿ ಕೊಡು, ಎಸೀತೀನಿ.”

“ಎಸೆಯೋದಾ? ಇದಿನ್ನೂ ಉಸಿರಾಡ್ತಿದೆ ಅತ್ತಿಗೆ. ಹೊರಗಿಂದಾನೇ ಚಾಲೂ ಮಾಡಿ ಎಲ್ಲಾನೂ ಹೊಸದಕ್ಕೆ ಇಳಿಸ್ತೀನಿ.”

ಹೊಸದನ್ನು ಒಳಗೆ ಕೂರಿಸಿ ತಿರುಪು ಬಿಗಿದ. ಹಳೆಯದನ್ನು ಪುಟ್ಟ ಡಬ್ಬಿಯೊಳಗಿಟ್ಟು, ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಗುಂಡಿ ಒತ್ತಿದ. ತುಸು ಹೊತ್ತಿಗೆ ಪರದೆಯ ಮೇಲೆ ಅವಳ ಮಗಳ ಫೋಟೊ ಮೂಡಿತು.

“ಪಾಸ್‌ವರ್ಡ್ ಮರೆತುಹೋಗಿದೆ ಕಣೋ,” ಎಂದಳು.

“ಅಣ್ಣ ಕೊಟ್ಟಿದ್ದಾನೆ ಬಿಡಿ.”

ಇವಳು ಯಾರಿಗೂ ಹೇಳಿರದ ಪಾಸ್‌ವರ್ಡದು! ಮೈದುನ ಟೈಪು ಮಾಡಿದ, ತೆರೆಯಿತು. ಬಾಣದ ಗುರುತು ಅಲ್ಲಿ ಇಲ್ಲಿ ಅಲೆದು ಕರೆಂಟ್ ಬಿಲ್ಲಿನ ಮೇಲೆ ನಿಂತಿತು. ಅವನು ಫೋಲ್ಡರ್ ತೆರೆದ, ಓದಿದ, ಮುಚ್ಚಿದ. ಅವಳಿಗೆ ಕೂಗಾಡುವಷ್ಟು ಸಿಟ್ಟು ಬಂತು.

ಕಾಪಿ ಮುಗಿದ ಮೇಲೆ ಅವನು ವೈರು ಕಿತ್ತ. “ಹಳೇ ಡಿಸ್ಕನ್ನ ಅಂಗಡೀಲಿಟ್ಟಿರು, ಸಂಜೆ ಬಂದು ನೋಡ್ತೀನಿ ಅಂದಿದ್ದಾನೆ ಅಣ್ಣ.”

“ತಗೊಂಡು ಹೋಗು. ಅಣ್ಣ ತಮ್ಮ ಇಬ್ರೂ ಕೂತ್ಕೊಂಡು ಓದ್ಕೊಳ್ಳಿ.”

ಅವನು ಡಿಸ್ಕನ್ನು ಅವಳತ್ತ ತಳ್ಳಿದ.

“ಅದು ಏಳ್ಲೇ ಇಲ್ಲ, ಎಸೆದೆ ಅಂತೀನಿ. ಕಾಪಿಯಾದದ್ದು ಅವನ ಕಣ್ಣಿಗೆ ಬೀಳ್ಬಾರ್ದು, ಲ್ಯಾಪ್‌ಟಾಪೂ ನಿಮ್ ಜೊತೇಲೇ ಇರ್ಲಿ. ಆದ್ರೆ ಅಣ್ಣ ಗದರಿಸಿ ಕೇಳಿದ್ರೆ ನಂಗೆ ಸುಳ್ಳು ನಿಲ್ಲಲ್ಲ, ನಿಮಗೇ ಗೊತ್ತು. ಸೋಮವಾರದವರೆಗೆ ಕಾಯಬೇಡಿ ಅತ್ತಿಗೆ.”

ಗಂಟೆ ಹನ್ನೊಂದೂವರೆ. ಮಗಳ ಶಾಲೆ ಬಿಡಲು ಇನ್ನೂ ನಾಲ್ಕು ತಾಸಿತ್ತು. ಅವಳು ಡಿಸ್ಕು, ಲ್ಯಾಪ್‌ಟಾಪು ಚೀಲಕ್ಕೆ ತುರುಕಿ, ಮಗಳನ್ನು ಈಗಲೇ ಕರೆದುಕೊಳ್ಳಲು ಚಪ್ಪಲಿ ಮೆಟ್ಟಿಕೊಂಡಳು.