ಉಣ್ಣೆ ಬೇಡವೆಂದವಳ ಶಾಲು

ಇಸ್ತ್ರಿಪೆಟ್ಟಿಗೆಯ ಹಬೆ ತಗುಲಿದ್ದೇ ತಡ, ಮಂಚದ ಮೇಲೆ ಗುಂಡುಸೂಜಿ ಚುಚ್ಚಿ ಹರಡಿದ್ದ ಜಾಲರಿ ಹೆಣಿಗೆ ಬಾಡಿದ ಬಾಳೆ ಎಲೆಯಂತೆ ಮೆತ್ತಗೆ ಬಿದ್ದುಕೊಂಡಿತು. ಒಂದು ಮೂಲೆಯಂತೂ ಕರಗಿ ಪೆಟ್ಟಿಗೆಯ ತಳಕ್ಕೇ ಅಂಟಿತು. ಸ್ನೇಹಲತಾ ಅದನ್ನು ಕಿತ್ತು ಗೋಡೆಗೆ ಎಸೆದಳು. ವಾರಗಟ್ಟಲೆ ಕಣ್ಣು ಕೀಲಿಸಿ ಹೆಣೆದದ್ದು ಅದು.

"ಏನೇ ಅದು ಸುಟ್ಟ ವಾಸ್ನೆ?" ಪೇಪರು ಹಿಡಿದುಕೊಂಡೇ ದೇವರಾಜ್ ಬಾಗಿಲಿಗೆ ಬಂದ. ಹೆಂಡತಿಯ ಮುಖ ನೋಡಿದ ಮೇಲೂ ಸುಮ್ಮನಿರಲಾರದ ಗಂಡ. "ಉಣ್ಣೆದೇ ತಂದು ಹೆಣೆದ್ಬುಡು ಅತ್ಲಾಗೆ. ಕುರಿ ಬಂದು ಸಾಕ್ಷಿ ಹೇಳ್ತದಾ?"

"ಅವಳಿಗೆ ಸುಳ್ಳು ಹೊದಿಸಿ ಕಳಿಸ್ಲಾ? ನೀವು ಪೇಪರ್ ಓದ್ಕೊಳ್ಳಿ ಹೋಗಿ."

ಅವಳು ಎಂದರೆ ಬ್ರಾಹ್ಮಿಲಾ. ಚನ್ನರಾಯಪಟ್ಟಣದ ಒಂದೇ ಶಾಲೆಯಲ್ಲಿ ಇಬ್ಬರೂ ಪಾಠ ಹೇಳಿ ನಿವೃತ್ತರಾದವರು, ಒಬ್ಬರ ಡಬ್ಬಿಯ ಊಟ ಇನ್ನೊಬ್ಬರು ಉಂಡವರು. ಗಂಡ ಹೋದ ಮೇಲೆ ಬ್ರಾಹ್ಮಿಲಾ ಜಿನನಾಥಪುರದ ತಮ್ಮನ ಮನೆ ಸೇರಿದ್ದಳು. ಈಗ ಬೆಳಗೊಳದಲ್ಲಿ ಜೈನ ಸನ್ಯಾಸದ ದೀಕ್ಷೆ ತೆಗೆದುಕೊಳ್ಳುತ್ತಾಳಂತೆ. ಆಮೇಲೆ ಅವಳು ಮಾತಾಜಿ. ಹೆಸರು ಹಿಡಿದು ಕರೆಯುವಂತಿಲ್ಲ, ಹೆಗಲ ಮೇಲೆ ಕೈ ಹಾಕುವಂತಿಲ್ಲ, ದೂರದಿಂದ ಕೈಮುಗಿಯಬೇಕು. ಸ್ನೇಹಲತಾಗೆ ಇದನ್ನು ನುಂಗಿಕೊಳ್ಳಲು ಆಗಲಿಲ್ಲ. ತನ್ನ ಕೈಯದೊಂದು ವಸ್ತುವಾದರೂ ಅವಳ ಮೈಮೇಲೆ ಉಳಿಯಲಿ ಎಂಬ ಹಟ ಹಿಡಿಯಿತು.

ಫೋನಿನಲ್ಲಿ ಕೇಳಿದಾಗ ಬ್ರಾಹ್ಮಿಲಾ ಹೇಳಿದ್ದು ಇಷ್ಟೇ. "ಉಣ್ಣೆ ಬೇಡ ಕಣೆ. ರೇಷ್ಮೆನೂ ಬೇಡ, ಹುಳ ಸಾಯ್ತವೆ."

"ಹತ್ತಿ ಆದ್ರೆ?"

"ಹತ್ತಿ ಆದ್ರೆ ಸರಿ, ಹೆಣಿ" ಎಂದು ನಕ್ಕಿದ್ದಳು. ಮಾತಾಜಿಗಳು ಬಿಳಿ ಸೀರೆ, ಹುಳುಹುಪ್ಪಟೆ ಸರಿಸುವ ನವಿಲುಗರಿಯ ಪಿಂಛಿ, ಕಮಂಡಲು ಬಿಟ್ಟು ಏನನ್ನೂ ಇಟ್ಟುಕೊಳ್ಳುವುದಿಲ್ಲವೆಂಬುದು ಸ್ನೇಹಲತಾಗೆ ಗೊತ್ತಿಲ್ಲದ್ದೇನಲ್ಲ. ಆದರೂ ಸೀರೆ ಹತ್ತಿಯದಾದರೆ ಹತ್ತಿಯ ಶಾಲಿಗೇನು ಅಡ್ಡಿ ಎಂದು ತಾನೇ ವಾದ ಹೂಡಿ ತಾನೇ ತೀರ್ಪು ಕೊಟ್ಟುಕೊಂಡಿದ್ದಳು.

ಆದರೆ ಹತ್ತಿಗೆ ಮೊಂಡುತನ ಜಾಸ್ತಿ. ಉಣ್ಣೆಯಾದರೆ ನೀರಲ್ಲಿ ನೆನೆಸಿ, ಎಳೆದು ಸೂಜಿ ಚುಚ್ಚಿ ಒಣಗಿಸಿದರೆ ಜಾಲರಿಯ ಕಣ್ಣೆಲ್ಲ ಬಿಚ್ಚಿಕೊಂಡು ಹಾಗೇ ನಿಲ್ಲುತ್ತದೆ. ಮೊದಲು ದಪ್ಪ ಹತ್ತಿ ನೂಲು ತಂದು ಹೆಣೆದ ಶಾಲು ತನ್ನ ಭಾರಕ್ಕೆ ತಾನೇ ಜಗ್ಗಿ, ಭುಜದಿಂದ ಮೊಣಕಾಲಿಗೆ ಇಳಿಯಿತು. ಆನ್‌ಲೈನಿನಲ್ಲಿ ತರಿಸಿದ ಬಿದಿರಿನ ನೂಲು ಕಡ್ಡಿಯಿಂದ ಜಾರಿ ಜಾರಿ ಒಂದು ಕಣ್ಣು ತಪ್ಪಿದರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತಿತ್ತು. ಸಾಕಾಗಿ ಹಾಸನಕ್ಕೆ ಹೋದರೆ ಅಂಗಡಿಯ ಮಂಜುನಾಥ ಬಣ್ಣಬಣ್ಣದ ಉಂಡೆಗಳನ್ನು ಮುಂದೆ ಸುರಿದಿದ್ದ. "ತಗೊಳ್ಳಿ ಮೇಡಂ, ಉಣ್ಣೆ ಒಂದೆಳೆ ಇಲ್ಲ, ಬರೀ ಪ್ಲಾಸ್ಟಿಕ್ಕು. ಯಾವ ಪ್ರಾಣಿ ಪಾಪಾನೂ ನಿಮಗೆ ಬರಲ್ಲ." ಇವತ್ತು ಇಸ್ತ್ರಿಪೆಟ್ಟಿಗೆಗೆ ಅಂಟಿದ್ದು ಅದೇ.

ಸ್ನೇಹಲತಾಗೆ ನೂಲಿನ ಮೇಲೆ ಸಿಟ್ಟು, ಮಂಜುನಾಥನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಬ್ರಾಹ್ಮಿಲಾಳ ಮೇಲೆ. ಇರುವ ಒಬ್ಬ ಗೆಳತಿಯನ್ನು ಬಿಡುವಾಗ ಇಲ್ಲದ ಕರುಣೆ ರೇಷ್ಮೆಹುಳದ ಮೇಲೆ ಬಂತೇ ಇವಳಿಗೆ? ಹೀಗೆ ಬೈದುಕೊಳ್ಳುತ್ತಲೇ, ಕ್ರೋಷಾ ಹಾಕುವ ಸಣ್ಣ ಹತ್ತಿಯ ದಾರ ತಂದು ಮತ್ತೆ ಶುರುಮಾಡಿದಳು. ಅದು ಹಗುರ, ಜಗ್ಗಲಿಲ್ಲ. ಆದರೆ ಒಂದಿಷ್ಟೂ ಹಿಗ್ಗದ ಆ ದಾರ ಬೆರಳನ್ನು ಕೊಯ್ಯುತ್ತಿತ್ತು. ತೋರುಬೆರಳಿಗೆ ಪಟ್ಟಿ ಸುತ್ತಿಕೊಂಡೇ ಮುಗಿಸಿದಳು.

ದೀಕ್ಷೆಯ ದಿನ ಬೆಳಿಗ್ಗೆ ಕೊರೆಯುವ ಚಳಿ. ಮದುವಣಗಿತ್ತಿಯಂತೆ ಸಿಂಗರಿಸಿದ್ದ ಬ್ರಾಹ್ಮಿಲಾ ಶಾಲನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು, ಕೆನ್ನೆಗೆ ಒತ್ತಿಕೊಂಡಳು, ಹೊದ್ದುಕೊಂಡೇ ಮೆರವಣಿಗೆಗೆ ಹೊರಟಳು. ಹಿಂದೆ ನಡೆಯುತ್ತಿದ್ದ ಸ್ನೇಹಲತಾಗೆ ಬೆರಳಿನ ನೋವೇ ಮರೆತುಹೋಯಿತು. ಗೆದ್ದೆ ಅಂದುಕೊಂಡಳು.

ದಾರಿಯಲ್ಲಿ ಬ್ರಾಹ್ಮಿಲಾ ಒಂದೊಂದೇ ಕಳಚಿ ಕೊಡತೊಡಗಿದಳು. ಬಳೆ ನಾದಿನಿಗೆ ಹೋಯಿತು, ಗಡಿಯಾರ ಯಾರೋ ಹುಡುಗಿಗೆ. ರಸ್ತೆಯಂಚಿನಲ್ಲಿ ಹೂವಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ನಡುಗುತ್ತ ನಿಂತಿದ್ದಳು. ಬ್ರಾಹ್ಮಿಲಾ ನಿಂತಳು. ಶಾಲು ತೆಗೆದು ಅವಳಿಗೆ ಸುತ್ತಿ ಮತ್ತೆ ಹೆಜ್ಜೆ ಹಾಕಿದಳು.

ಸ್ನೇಹಲತಾ ಜನರನ್ನು ತಳ್ಳಿಕೊಂಡು ಮುಂದೆ ನುಗ್ಗಿದಳು. "ಅದು ಹತ್ತಿ ಕಣೆ! ಪೂರ್ತಿ ಹತ್ತೀದೇ!"

"ಗೊತ್ತು ಕಣೆ. ಅದಕ್ಕೇ ಇಲ್ಲೀವರೆಗೂ ಹೊದ್ಕೊಂಡು ಬಂದೆ."

"ಇಟ್ಕೊಳಲ್ಲ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೆಣೀತಿದ್ಯಾ? ಇಷ್ಟು ದಿನ ಅಳ್ತಾ ಕೂತಿರ್ತಿದ್ದೆ." ಬ್ರಾಹ್ಮಿಲಾ ಪಟ್ಟಿ ಸುತ್ತಿದ ಆ ಬೆರಳನ್ನು ಒಮ್ಮೆ ಹಿಡಿದು ಬಿಟ್ಟಳು. ಹಿಂದಿನವರು ಒತ್ತರಿಸಿದರು, ವಾದ್ಯ ಜೋರಾಯಿತು, ಬ್ರಾಹ್ಮಿಲಾ ಮುಂದೆ ಹೋದಳು.

ದೀಕ್ಷೆಗಾಗಿ ಅವಳ ತಲೆಗೂದಲು ಕೀಳುವುದನ್ನು ನೋಡುವ ಶಕ್ತಿ ಸ್ನೇಹಲತಾಗೆ ಇರಲಿಲ್ಲ. ಮಧ್ಯಾಹ್ನವೇ ಬಸ್ಸು ಹತ್ತಿದಳು. ಹೊರಡುವ ಹೊತ್ತಿಗೆ ಖಾಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದು ಪಕ್ಕದಲ್ಲೇ ಕೂತಳು. ಮೈಮೇಲೆ ಅದೇ ಶಾಲು.

"ನೋಡವ್ವ, ಯಾರೋ ಪುಣ್ಯಾತ್ಗಿತ್ತಿ ಕರುದು ಮೈಮ್ಯಾಕೆ ಆಕ್ಬುಟ್ರು. ಇಂತದ್ದ ನಮ್ಮನೇಲಿ ಯಾರೂ ಕಂಡಿಲ್ಲ ಕಣವ್ವ. ಎಂಗದೆ?"

ಕೊಡಮ್ಮ ಅದು ನನ್ನದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೇರೆ ಹೊಸ ಶಾಲು ಕೊಡಿಸುತ್ತೇನೆ ಎನ್ನಬಹುದಿತ್ತು. "ಚೆನ್ನಾಗಿದೆ" ಎಂದಷ್ಟೇ ಹೇಳಿ ಸ್ನೇಹಲತಾ ಕಿಟಕಿಯತ್ತ ತಿರುಗಿದಳು.

ಊರು ದಾಟುವಷ್ಟರಲ್ಲಿ ಆ ಹೆಂಗಸಿಗೆ ನಿದ್ದೆ ಹತ್ತಿತು. ತಲೆ ತೂಗಾಡಿ ತೂಗಾಡಿ ಕೊನೆಗೆ ಸ್ನೇಹಲತಾಳ ಹೆಗಲಿಗೆ ಒರಗಿತು. ಮುಂದಿನ ಕಿಟಕಿಯಿಂದ ಗಾಳಿ ನುಗ್ಗುತ್ತಿತ್ತು. ಶಾಲು ಅವಳ ತೋಳಿನಿಂದ ಜಾರುತ್ತಾ ಬಂತು. ಸ್ನೇಹಲತಾ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅವಳಿಗೆ ಎಚ್ಚರವಾಗದ ಹಾಗೆ ಅಂಚು ಹಿಡಿದು ಮೇಲಕ್ಕೆಳೆದು, ಕುತ್ತಿಗೆಯ ತನಕ ಹೊದಿಸಿದಳು.