ಓನರ್ ಮಗಳ ಸೀಟು

ಮಗುವಿಗೆ ಒಳ್ಳೆಯ ಶಾಲೆಯಲ್ಲಿ ಸೀಟು ಸಿಕ್ಕಿತು ಅಂದರೆ ಮನೆಯಲ್ಲಿ ಯಾರಾದರೂ ನಗಬೇಕು. ಈ ಮನೆಯಲ್ಲಿ ಯಾರೂ ನಗಲಿಲ್ಲ.

ಸೀಟು ಸಿಕ್ಕಿದ್ದು ಸೇತುವೆಯಾಚೆಯ ದೊಡ್ಡ ಶಾಲೆಯಲ್ಲಿ. ಅದು ಸರ್ಕಾರದ್ದಲ್ಲ, ಖಾಸಗಿ ಶಾಲೆ. ಪರೀಕ್ಷೆ ಬರೆಸುತ್ತಾರೆ, ಎದುರಿಗೆ ಕೂರಿಸಿ ಮಾತಾಡಿಸುತ್ತಾರೆ, ಸೋಸಿ ಸೋಸಿ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಬರೆದವರಲ್ಲಿ ಹತ್ತಕ್ಕೆ ಒಬ್ಬರೂ ಒಳಗೆ ಹೋಗುವುದಿಲ್ಲ. ಈ ಹುಡುಗಿ ಹೋದಳು. ಅವಳನ್ನು ಪರೀಕ್ಷೆಗೆ ಕೂರಿಸಿದ್ದು ಅವಳ ಈಗಿನ ಶಾಲೆಯ ಮೇಡಂ. "ನನ್ನ ಹತ್ತಿರ ಇದ್ದದ್ದೆಲ್ಲ ಮುಗೀತು, ಇನ್ನು ಮುಂದಕ್ಕೆ ಕಳಿಸಿ" ಎಂದು ಅವರು ಅಪ್ಪನಿಗೆ ನೇರವಾಗಿ ಹೇಳಿದ್ದರು. ಸಂದರ್ಶನದಲ್ಲಿ, "ನಿಮ್ಮಪ್ಪ ಏನು ಮಾಡ್ತಾರೆ?" ಎಂದು ಕೇಳಿದಾಗ ಹುಡುಗಿ, "ಮಾತಾಡ್ತಾರೆ. ಮಧ್ಯೆ ಮಧ್ಯೆ ಕಟಿಂಗ್ ಮಾಡ್ತಾರೆ" ಎಂದಳಂತೆ. ಅಲ್ಲಿದ್ದವರು ನಕ್ಕರಂತೆ. ಇವಳು ನಗಲಿಲ್ಲವಂತೆ. ಅವಳ ಪಾಲಿಗೆ ಅದು ತಮಾಷೆಯಲ್ಲ, ಉತ್ತರ.

ಅಪ್ಪನದು ಸಲೂನು. ಬೀದಿಗೆಲ್ಲ ಅವನು 'ಓನರ್'. ಅಂಗಡಿ ತೆರೆದ ಹೊಸದರಲ್ಲಿ ಯಾರೋ, "ಏನು ಓನರ್ರೇ, ವ್ಯಾಪಾರ ಜೋರಾ?" ಎಂದು ಕಾಲೆಳೆದಿದ್ದರು. ಹೆಸರು ಅಂಟಿಕೊಂಡಿತು. ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ಒಗ್ಗಿಹೋಯಿತು, ಈಗ ಯಾರಾದರೂ ಹಾಗೆ ಕರೆಯದಿದ್ದರೆ ತಿರುಗಿಯೂ ನೋಡುವುದಿಲ್ಲ. ನಿಜ ಹೇಳಬೇಕೆಂದರೆ ಅಂಗಡಿ ಬಾಡಿಗೆಯದು. ಎರಡು ಕುರ್ಚಿ, ಉದ್ದದ ಕನ್ನಡಿ, ಕತ್ತರಿಗಳು ಇಷ್ಟೇ ಸ್ವಂತದ್ದು. ಕೆಲಸಗಾರ ಬಿಟ್ಟುಹೋದ ಮೇಲೆ ಎರಡನೇ ಕುರ್ಚಿಯ ಮೇಲೆ ಹಳೇ ಪೇಪರುಗಳು ಕೂತಿವೆ.

ಸಂಜೆ ಅಂಗಡಿ ಹಿಂದಿನ ಮನೆಯಲ್ಲಿ ಹೆಂಡತಿ ಶಾಲೆಯ ಪತ್ರವನ್ನು ಮತ್ತೊಮ್ಮೆ ಓದಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಬೆಡ್‌ಶೀಟು ಮಡಚುವವಳು. ಓದಿ ಮುಗಿಸಿ ಪತ್ರವನ್ನೂ ಹಾಗೇ ಅಂಚಿಗೆ ಅಂಚು ಕೂಡಿಸಿ ಮಡಚಿದಳು.

"ರೀ, ಇದರಲ್ಲಿ ಪೂರ್ತಿ ಫೀಸು ಅಂತಿದೆ. ಫೀಸಿಗೆ ಶಾಲೆ ಕೊಡೋ ನೆರವಿನ ಮಾತೇ ಇಲ್ಲ. ನೀವು ಕೇಳಿದ್ರಿ ತಾನೇ?"

ಓನರ್ ಬಾಚಣಿಗೆ ತೊಳೆಯುತ್ತಿದ್ದ. ಆಗಲೇ ತೊಳೆದಿದ್ದ ಬಾಚಣಿಗೆಯನ್ನೇ ಇನ್ನೊಮ್ಮೆ ತೊಳೆದ.

"ಕೇಳಿಲ್ಲ."

"ಯಾಕೆ?"

"ಕೇಳಿದ್ರೆ ಸೀಟೇ ಸಿಗಲ್ಲ ಅಂದ್ರು."

"ಯಾರಂದ್ರು?"

"ಕುರ್ಚಿಯಲ್ಲಿ ಕೂತೋರು."

"ಕುರ್ಚಿಯಲ್ಲಿ ಕೂತೋರು ಹೋದ ವರ್ಷ ಪ್ರಪಂಚ ಮುಳುಗುತ್ತೆ ಅಂದಿದ್ರು. ನೀವು ದೋಣಿ ತಂದ್ರಾ?"

ಹೇಳಿದವನು ಹಳೇ ಕಾರು ಮಾರುವ ಗಿರಾಕಿ. ಅವನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲಿಲ್ಲ. ನೆರವು ಕೇಳಿದವರ ಅರ್ಜಿ ತಳಕ್ಕೆ ಹೋಗುತ್ತದಂತೆ. ಹಾಗೂ ಹೀಗೂ ಸೀಟು ಸಿಕ್ಕರೂ ಆ ಮಕ್ಕಳನ್ನು ಬೇರೆ ಬೆಂಚಿನಲ್ಲಿ ಕೂರಿಸುತ್ತಾರಂತೆ. ಇದನ್ನು ಕೇಳಿ ಓನರ್ ಅರ್ಜಿಯಲ್ಲಿ ನೆರವು ಬೇಡ ಎಂದು ಬರೆದ. ತಂದೆಯ ಉದ್ಯೋಗ ಎಂಬಲ್ಲಿ 'ಸಲೂನ್ ಓನರ್' ಎಂದು ತುಂಬಿದ.

"ಕುರ್ಚಿ ಮಾರೋಣ. ಮೊದಲ ಕಂತು ಆಗುತ್ತೆ" ಎಂದ ಈಗ.

"ಎರಡನೇ ಕಂತಿಗೆ? ಕನ್ನಡಿ ಮಾರ್ತೀರಾ? ಮೂರನೇದಕ್ಕೆ ಗಿರಾಕಿಗಳನ್ನ ಮಾರ್ತೀರಾ?"

ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಬೇಕು. ಇಲ್ಲದಿದ್ದರೆ ಸೀಟು ಕಾಯುತ್ತಿರುವ ಇನ್ನೊಂದು ಮಗುವಿಗೆ ಹೋಗುತ್ತದೆ. ಹುಡುಗಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ನಾನು ಈಗಿರೋ ಶಾಲೆಯಲ್ಲೇ ಓದ್ತೀನಿ ಬಿಡಪ್ಪ. ಅಲ್ಲೂ ಪಾಠ ಮಾಡ್ತಾರೆ."

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ.

ಆಗ ಬಾಗಿಲು ಬಡಿದ ಸದ್ದು. ಮೇಲಿನ ಮನೆಯ ಟೈಲರ್ ಅಕ್ಕ, ಕೊರಳಿಗೆ ಟೇಪು ನೇತುಹಾಕಿಕೊಂಡೇ ಇಳಿದು ಬಂದಿದ್ದಳು.

"ನಿಮ್ಮ ಜಗಳ ಕೇಳ್ತಾ ಕೇಳ್ತಾ ಒಂದು ತೋಳು ಉಲ್ಟಾ ಹೊಲಿದುಬಿಟ್ಟೆ" ಎಂದಳು. "ಓನರ್ರೇ, ಒಂದು ಕೇಳ್ತೀನಿ. ನನ್ನ ಮಗನಿಗೆ ಕಟಿಂಗ್ ಮಾಡೋರು ಯಾರು?"

"ನಾನೇ."

"ಅವನು ಯಾವ ಶಾಲೆ?"

"ಅದೇ ಶಾಲೆ. ಎರಡು ವರ್ಷ ಆಯ್ತಲ್ಲ. ನಿಮ್ಮಣ್ಣ ಹೊರದೇಶದಿಂದ ಫೀಸು ಕಳಿಸ್ತಾರೆ…"

"ನನ್ನಣ್ಣ ಎರಡು ವರ್ಷದಿಂದ ಫೋನು ಕೂಡ ಮಾಡಿಲ್ಲ. ಫೀಸು ಬಹುಪಾಲು ಶಾಲೆಯದೇ. ನೆರವು. ಇಷ್ಟು ದಿನ ಅವನ ತಲೆ ನಿಮ್ಮ ಕೈಯಲ್ಲೇ ಇತ್ತು. ಕಿವಿ ಹಿಂದೆ ಏನಾದ್ರೂ ಮುದ್ರೆ ಒತ್ತಿದ್ದು ಕಂಡಿತಾ?"

ಓನರ್ ನಿಜಕ್ಕೂ ಯೋಚನೆ ಮಾಡಿದ. "ಸುಳಿ ಎರಡಿವೆ. ಬೇರೇನಿಲ್ಲ."

"ಅದು ಹುಟ್ಟಿದಾಗಿನಿಂದ ಇದೆ. ಶಾಲೆಯವರು ಹಾಕಿದ್ದಲ್ಲ."

ಹುಡುಗಿ ಫಕ್ಕನೆ ನಕ್ಕಳು. ಆ ಮನೆಯಲ್ಲಿ ಆ ದಿನದ ಮೊದಲ ನಗು ಅದು.

ಹೆಂಡತಿಯ ಮುಖ ಮಾತ್ರ ಬಿಗಿದಿತ್ತು. "ಇಷ್ಟು ದಿನ ಒಂದು ಮಾತು ಹೇಳಲಿಲ್ಲವಲ್ಲ ಅಕ್ಕ."

"ಶಾಲೆಯವರು ಯಾರಿಗೂ ಹೇಳಲ್ಲ. ಯಾರ ಮಗು ಎಷ್ಟು ಕಟ್ಟುತ್ತೆ ಅಂತ ಪಾಠ ಮಾಡೋ ಮೇಷ್ಟರಿಗೂ ಗೊತ್ತಿರಲ್ಲ. ಬೀದಿಯವರು ಅಣ್ಣನ ದುಡ್ಡು ಅಂದ್ಕೊಂಡ್ರು, ನಾನೂ ತುಟಿ ಹೊಲಿದುಕೊಂಡು ಸುಮ್ಮನಿದ್ದೆ. ಈಗ ಅದೆಲ್ಲ ಇರಲಿ. ನಾಳೆ ಬೆಳಗ್ಗೆ ಅಂಗಡಿ ಮುಚ್ಚಿ ಇಬ್ಬರೂ ಹೋಗಿ. ಅಂಗಡಿ ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಇವಳ ಸಂಬಳದ ಚೀಟಿ ಎಲ್ಲ ತಗೊಂಡು ಹೋಗಿ. ಒಳ್ಳೇ ತಿಂಗಳ ವ್ಯಾಪಾರ ಹೇಳೋ ಹಾಗೆ ಖಾಲಿ ತಿಂಗಳದ್ದೂ ಹೇಳಿ."

"ಅಂದ್ರೆ ಕೈ ಚಾಚೋದಾ?" ಎಂದ ಓನರ್.

"ಸಾಲ ಕೇಳೋಕೆ ಹೋದಾಗ ಕೈ ಜೇಬಲ್ಲಿಟ್ಕೊಂಡು ಕೇಳ್ತೀರಾ? ಅದಕ್ಕೆ ಬಡ್ಡಿ ಬೇರೆ ಕಟ್ತೀರಿ. ಈ ಹಣ ಇಟ್ಟಿರೋದೇ ಕೇಳೋರಿಗೆ ಅಂತ. ನೀವು ಕೇಳದಿದ್ರೆ ಅದೇನು ನಿಮ್ಮ ಮಾನ ಕಾಯುತ್ತೆ ಅಂದ್ಕೊಂಡ್ರಾ? ಬೇರೆಯವರಿಗೆ ಹೋಗುತ್ತೆ, ಅಷ್ಟೇ. ಇನ್ನೊಂದು ಮಾತು. ಸಿಗುತ್ತೆ ಅಂತ ಬಡತನ ಜಾಸ್ತಿ ಮಾಡಿ ಅಳೋಕೂ ಹೋಗಬೇಡಿ. ಇದ್ದದ್ದು ಇದ್ದ ಹಾಗೆ."

ಮರುದಿನ ಗಂಡ ಹೆಂಡತಿ ಶಾಲೆಯ ಕಚೇರಿಯ ಬೆಂಚಿನ ಮೇಲೆ ಕೂತರು. ನೆಲಕ್ಕೆ ಆಗಷ್ಟೇ ಪಾಲಿಶ್ ಹಾಕಿದ ವಾಸನೆ. ಗೋಡೆ ತುಂಬ ಆಟದ ತಂಡಗಳ ಫೋಟೋ. ಓನರ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಆಮೇಲೆ, ಅಂಗಿ ಇಷ್ಟು ಚೆನ್ನಾಗಿದ್ದರೆ ನಂಬುತ್ತಾರೋ ಇಲ್ಲವೋ ಎಂದು ತೋಳು ಮಡಚಿದ್ದ. ಹೆಂಡತಿ ಆ ತೋಳನ್ನು ಮತ್ತೆ ಬಿಚ್ಚಿ ನೇರ ಮಾಡಿದಳು.

ನೆರವಿನ ವಿಭಾಗ ನೋಡಿಕೊಳ್ಳುವ ಮೇಡಂ ಒಳಗೆ ಕರೆದರು. ಅವರ ಮುಂಗೂದಲನ್ನು ಯಾರೋ ಓರೆಯಾಗಿ ಕತ್ತರಿಸಿದ್ದರು. ಅದನ್ನು ಕಂಡು ಓನರ್‌ಗೆ ಸ್ವಲ್ಪ ಧೈರ್ಯ ಬಂತು.

"ಅರ್ಜಿಯಲ್ಲಿ ಸಲೂನ್ ಓನರ್ ಅಂತಿದೆಯಲ್ಲ?"

"ಅದು… ನನ್ನ ಹೆಸರು ಮೇಡಂ."

"ಹೆಸರಾ?"

"ಕರೆಯೋ ಹೆಸರು."

ಹೆಂಡತಿ ಬಾಡಿಗೆ ಕರಾರು ಬಿಡಿಸಿ ಮೇಜಿನ ಮೇಲಿಟ್ಟಳು. "ಓನರ್ ಅಂತ ಕರೀತಾರೆ ಅಷ್ಟೇ ಮೇಡಂ. ತಿಂಗಳಿಗೊಂದು ಸಲ ನಿಜವಾದ ಓನರ್ ಬಂದು ಈ ಓನರ್ ಹತ್ತಿರ ಬಾಡಿಗೆ ಈಸ್ಕೊಂಡು ಹೋಗ್ತಾರೆ."

ಮೇಡಂ ನಕ್ಕುಬಿಟ್ಟರು. ಆಮೇಲೆ ಒಂದೊಂದೇ ಕಾಗದ ಎತ್ತಿ ಓದಿದರು. ಕೇಳಬೇಕಾದ್ದನ್ನು ಕೇಳಿದರು. ಓನರ್ ಧೈರ್ಯ ಮಾಡಿ, ಕುರ್ಚಿಯಲ್ಲಿ ಕೂತವರು ಹೇಳಿದ್ದ ಬೆಂಚಿನ ವಿಷಯ, ಅರ್ಜಿ ತಳಕ್ಕೆ ಹೋಗುವ ವಿಷಯ ಎತ್ತಿದ.

"ನಮ್ಮಲ್ಲಿ ಸೀಟು ಕೊಡೋರು ಬೇರೆ, ನೆರವು ನೋಡೋರು ಬೇರೆ. ಪರೀಕ್ಷೆ, ಸಂದರ್ಶನ ನೋಡೋ ಕೋಣೆಗೆ ನಿಮ್ಮ ಆದಾಯದ ಕಾಗದ ಹೋಗೋದೇ ಇಲ್ಲ" ಎಂದರು ಮೇಡಂ. "ಎಲ್ಲ ಶಾಲೆಗಳಲ್ಲೂ ಹೀಗೇ ಇರುತ್ತೆ ಅಂತ ನಾನು ಹೇಳಲ್ಲ. ಅರ್ಜಿ ಹಾಕೋ ಮೊದಲೇ ಕೇಳಬೇಕು. ಕುರ್ಚಿಯಲ್ಲಿ ಕೂತೋರನ್ನಲ್ಲ, ಶಾಲೆಯನ್ನ."

ಓನರ್ ತಲೆ ತಗ್ಗಿಸಿದ.

"ತೊಂದರೆ ಎಲ್ಲಿದೆ ಅಂದ್ರೆ, ಈ ವರ್ಷದ ಹಣ ಹೆಚ್ಚುಕಡಿಮೆ ಹಂಚಿ ಆಗಿದೆ. ಅರ್ಜಿ ಜೊತೆಯಲ್ಲೇ ಕೇಳಿದ್ದಿದ್ರೆ ಈ ತಾಪತ್ರಯ ಇರ್ತಿರಲಿಲ್ಲ. ಉತ್ತರ ಕೊಡೋ ದಿನ ಮುಂದಕ್ಕೆ ಹಾಕ್ತೀನಿ. ಮರುಪರಿಶೀಲನೆಗೆ ಒಂದು ಪತ್ರ ಬರೆದುಕೊಡಿ, ಸಮಿತಿ ಮುಂದೆ ಇಡ್ತೀನಿ. ಭರವಸೆ ಮಾತ್ರ ಕೊಡಲ್ಲ."

ಹೆಂಡತಿ ಏಳುವ ಮೊದಲು ಇನ್ನೊಂದು ಕೇಳಿದಳು. "ಬಸ್ಸು, ಪುಸ್ತಕ, ಯೂನಿಫಾರ್ಮು ಇದರಲ್ಲೇ ಬರುತ್ತಾ ಮೇಡಂ?"

"ಒಳ್ಳೇದಾಯ್ತು ಕೇಳಿದ್ದು. ಫೀಸಿನ ನೆರವು ಬೇರೆ, ಇದು ಬೇರೆ. ಪತ್ರದಲ್ಲಿ ಅದನ್ನೂ ಸೇರಿಸಿ."

ಕಾಯುವ ದಿನಗಳಲ್ಲಿ ಓನರ್ ಮಾತು ಕಡಿಮೆ ಮಾಡಿದ. ಅವನಿಗೆ ಹುಷಾರಿಲ್ಲವೇನೋ ಎಂದು ಗಿರಾಕಿಗಳಿಗೆ ಅನುಮಾನ ಬಂತು. ಒಬ್ಬ ಸ್ವಲ್ಪ ಕಡಿಮೆ ಮಾಡಿ ಎಂದರೆ ಅವನ ತಲೆಯನ್ನೇ ನುಣ್ಣಗೆ ಮಾಡಹೋಗಿ, ಅವನು ಕೂಗಿದ ಮೇಲೆ ಎಚ್ಚೆತ್ತ.

ಫೋನು ಬಂದಾಗ ಕುರ್ಚಿಯಲ್ಲಿದ್ದವನಿಗೆ ಅರ್ಧ ಕೆನ್ನೆ ಶೇವಿಂಗ್ ಆಗಿತ್ತು. ಮೇಡಂ ವಿಷಯಕ್ಕೇ ಬಂದರು. ಒಂದು ಕುಟುಂಬ ಬೇರೆ ಊರಿಗೆ ಹೋಗುತ್ತಿದೆ, ಅವರಿಗೆ ಇಟ್ಟಿದ್ದ ನೆರವು ಉಳಿದಿದೆ. ಸಮಿತಿ ಅದನ್ನು ಇವಳಿಗೆ ಕೊಟ್ಟಿದೆ. ಫೀಸಿನ ಬಹುಪಾಲು, ಬಸ್ಸು, ಪುಸ್ತಕ. ಉಳಿದದ್ದನ್ನು ತಿಂಗಳು ತಿಂಗಳು ಕಟ್ಟಬಹುದು. ಪ್ರತಿ ವರ್ಷವೂ ಕಾಗದಪತ್ರ ಮತ್ತೆ ಕೊಡಬೇಕು.

ಓನರ್ ರೇಜರನ್ನು ಟವೆಲ್ಲಿಗೆ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

"ಕೇಳಿಸ್ತಾ ಇದೆಯಾ?"

"ಇದೆ ಮೇಡಂ. ಯಾರಿಗೆ… ಯಾರಿಗೆ ಕೈ ಮುಗೀಲಿ ನಾನು?"

"ದುಡ್ಡು ಹಳೇ ವಿದ್ಯಾರ್ಥಿಗಳದ್ದು. ಎಷ್ಟೋ ಜನರ ಹೆಸರು ನನಗೂ ಗೊತ್ತಿಲ್ಲ."

"ಹಾಗಾದ್ರೆ ನಿಮ್ಮ ಶಾಲೆ ಮಕ್ಕಳಿಗೆ ತಿಂಗಳಿಗೊಂದು ದಿನ ಪುಕ್ಕಟೆ ಕಟಿಂಗ್ ಮಾಡಿಕೊಡ್ತೀನಿ. ನಿಮಗೂ ಮಾಡಿಸಿ ಮೇಡಂ, ಮುಂದುಗಡೆ ಸ್ವಲ್ಪ ಓರೆಯಾಗಿದೆ."

ಆ ಕಡೆಯಿಂದ ಜೋರಾದ ನಗು ಬಂತು. "ನನ್ನದು ನಾನೇ ಕತ್ತರಿಸಿಕೊಳ್ಳೋದು. ಬೇಡ. ಇದಕ್ಕೆ ಪ್ರತಿಯಾಗಿ ಏನೂ ಕೊಡಬೇಕಿಲ್ಲ. ತಗೊಳ್ಳಿ, ಅಷ್ಟೇ."

ಫೋನು ಇಟ್ಟ ಮೇಲೂ ಓನರ್ ಹಾಗೇ ನಿಂತಿದ್ದ. ಚಿಕ್ಕಂದಿನಿಂದ ಕೆಲಸ ಮಾಡಿ ಕೂಲಿ ತೆಗೆದುಕೊಂಡು ಗೊತ್ತು. ಸುಮ್ಮನೆ ತೆಗೆದುಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. ಯಾರೋ, ಎಂದೋ ಆ ಬೆಂಚುಗಳಲ್ಲಿ ಕೂತು ಓದಿ ಹೋದವರು, ಮುಖ ಕಾಣದ ಮಗುವಿಗೆಂದು ತಮ್ಮ ದುಡಿಮೆಯಲ್ಲಿ ಒಂದು ಪಾಲು ತೆಗೆದಿಟ್ಟಿದ್ದರು. ಆ ಮಗು ತನ್ನದಾಗಿತ್ತು.

"ಓನರ್ರೇ, ನೊರೆ ಒಣಗ್ತಾ ಇದೆ" ಎಂದ ಅರ್ಧ ಕೆನ್ನೆಯವನು.

ಸಂಜೆ ಮೂವರೂ ಮೇಲಿನ ಮನೆಗೆ ಹೋದರು. ಓನರ್ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ, ಹವಾಮಾನದ ಬಗ್ಗೆ ಏನೋ ಹೇಳಿದ. ಹೆಂಡತಿ ಟೈಲರ್ ಅಕ್ಕನ ಕೈ ಹಿಡಿದುಕೊಂಡಳು, ಬಿಡಲಿಲ್ಲ. ಕೊನೆಗೆ ಬಾಯಿ ಬಿಟ್ಟದ್ದು ಹುಡುಗಿ.

"ದೊಡ್ಡಮ್ಮ, ನೀವು ಇಳಿದು ಬರದೇ ಇದ್ದಿದ್ರೆ ನಾನು ಹೋಗ್ತಿರಲಿಲ್ಲ."

ಟೈಲರ್ ಅಕ್ಕ ಸೂಜಿಗೆ ದಾರ ಪೋಣಿಸುವ ನೆಪ ಮಾಡಿದಳು. ಒಂದೇ ಸಲಕ್ಕೆ ಪೋಣಿಸುವವಳಿಗೆ ಅಂದು ಆಗಲಿಲ್ಲ.

"ನಾನು ಮೊದಲೇ ಹೇಳಿದ್ದಿದ್ರೆ ನೀವು ಇಷ್ಟು ಒದ್ದಾಡಬೇಕಿರಲಿಲ್ಲ ಪುಟ್ಟಿ. ಓನರ್ರೇ, ನಿಮ್ಮ ಕುರ್ಚಿಯಲ್ಲಿ ಕೂತೋರಿಗೆಲ್ಲ ಹೇಳಿ. ನನ್ನ ಮಗನ ವಿಷಯ ಸೇರಿಸಿಯೇ ಹೇಳಿ. ಇನ್ನು ಮುಚ್ಚಿಡಲ್ಲ."

ಅಂದಿನಿಂದ ಅವನು ಹೇಳುತ್ತಿದ್ದಾನೆ. ಮಕ್ಕಳಿರುವ ಯಾರೇ ಕೂತರೂ ವಿಷಯ ಶುರು. ಹಳೇ ಕಾರಿನವನು, "ಅಲ್ಲಯ್ಯ ಓನರ್, ನಾನು ಅವತ್ತೇ ಹೇಳಿದ್ದೆನಲ್ಲ…" ಎಂದು ಬಾಯಿ ತೆರೆದಾಗ, "ನೀವು ಹೇಳಿದ್ದು ತಪ್ಪು ಸ್ವಾಮಿ. ಅಲುಗಾಡಬೇಡಿ, ಕೈಯಲ್ಲಿ ರೇಜರ್ ಇದೆ" ಎಂದ. ಅವನು ಅಲುಗಾಡಲಿಲ್ಲ. ಪೂರ್ತಿ ಕೇಳಿಸಿಕೊಂಡ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮಗೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಇಂಥ ಶಾಲೆಗಳಲ್ಲಿ ಸೀಟು ಕಡಿಮೆ, ನೆರವು ಇನ್ನೂ ಕಡಿಮೆ. ನಿಮ್ಮ ಮಗುವಿಗೆ ಸಿಗದೇ ಹೋಗಬಹುದು. ಸಿಗದಿದ್ದರೆ ಅದು ಮಗುವಿನ ತಪ್ಪಲ್ಲ, ಒಳ್ಳೆಯ ಪಾಠ ಅದೊಂದೇ ಕಡೆ ನಡೆಯುವುದೂ ಇಲ್ಲ. ಓನರ್ ಕೊನೆಗಳಿಗೆಯಲ್ಲಿ ಕೇಳಿದ, ಅವನ ಅದೃಷ್ಟಕ್ಕೆ ಉಳಿದದ್ದು ಸಿಕ್ಕಿತು. ನೀವು ಅದೃಷ್ಟ ನಂಬಿ ಕೂರಬೇಡಿ. ಅರ್ಜಿ ಹಾಕುವ ದಿನವೇ ಕೇಳಿ. ಅರ್ಜಿ ಶುಲ್ಕ ಕಟ್ಟಲು ಕಷ್ಟವಾದರೆ ಅದಕ್ಕೂ ವಿನಾಯಿತಿ ಇದೆಯಾ ಎಂದು ಕೇಳಿ. ಸೀಟು ಕೊಡಿಸುತ್ತೇನೆ ಎಂದು ಮಧ್ಯೆ ಬರುವವನ ಕೈಗೆ ಒಂದು ಕಾಸೂ ಕೊಡಬೇಡಿ. ನಿಮಗೆ ನೆರವು ಸಿಕ್ಕಿದ್ದರೆ ಬೀದಿಯಲ್ಲಿ ಒಬ್ಬರಿಗಾದರೂ ಹೇಳಿ. ಆ ಋಣ ತೀರಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಇಲ್ಲ ಎನ್ನುವುದು ಶಾಲೆಯ ಕೆಲಸ. ಹೇಳುವುದಿದ್ದರೆ ಅವರೇ ಹೇಳಲಿ. ಮನೆಯಲ್ಲಿ ಕೂತು ಆ ಕೆಲಸವನ್ನು ನೀವು ಮಾಡಿಕೊಡಬೇಡಿ.